ಅಲವಿಗಳು ಮುಸ್ಲಿಮರು ಹೌದೋ ಅಲ್ವೋ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಟಿವಿಯಲ್ಲಿ ಸಿರಿಯಾ ಸುದ್ದಿ ಬಂತು ಅಂದರೆ ನನ್ನ ಫೋನ್ ಹೊಡೆದುಕೊಳ್ಳೋಕೆ ಶುರುವಾಗುತ್ತದೆ. ಶಾರ್ಜಾದಲ್ಲಿ ಎಂಟು ವರ್ಷ ಲೆಕ್ಕಪತ್ರ ನೋಡಿಕೊಂಡು ಇದ್ದು ಊರಿಗೆ ವಾಪಸ್ ಬಂದವನು ನಾನು. ಅಷ್ಟಕ್ಕೇ ಅರಬ್ ದೇಶಗಳ ಪೂರ್ತಿ ಜಾತಕ ನನ್ನ ಕೈಯಲ್ಲಿದೆ ಅಂತ ಹೊನ್ನಾವರದಿಂದ ಭಟ್ಕಳದವರೆಗಿನ ಸ್ನೇಹಿತರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದಾರೆ. ಪ್ರಶ್ನೆ ಮಾತ್ರ ಒಂದೇ. "ಮಾರಾಯಾ, ಈ ಅಲವೈಟ್ ಅಂತ ಪೇಪರಲ್ಲಿ ಬರ್ತದಲ್ಲ, ಆ ಅಸಾದ್‌ನ ಪಂಗಡ, ಅವರು ಮುಸ್ಲಿಮರು ಹೌದೋ ಅಲ್ವೋ?"

ಹೌದು ಅನ್ನುತ್ತೇನೆ. ಅವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ, ಆ ಮತ ಹುಟ್ಟಿದ್ದು ಶಿಯಾ ಇಸ್ಲಾಮಿನ ಹೊಟ್ಟೆಯಲ್ಲಿ, ನನಗೆ ಅಷ್ಟು ಸಾಕು. ಕೇಳಿದವರಿಗೆ ಸಾಕಾಗುವುದಿಲ್ಲ. "ಹಾಗಾದ್ರೆ ವೈನ್ ಹೇಗೆ ಕುಡೀತಾರೆ?" "ಮಸೀದಿಗೆ ಯಾಕೆ ಹೋಗಲ್ಲ?" "ಅಲಿಯೇ ದೇವರು ಅಂತಾರಂತೆ, ನಿಜವಾ?" ಅಂತ ಹಿಂದೆ ಹತ್ತು ಪ್ರಶ್ನೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಸುಸ್ತಾಗಿದೆ. ಒಂದು ಸಲ ಕೂತು ಬರೆದುಬಿಡುತ್ತೇನೆ.

ಮೊದಲು ಹೆಸರಿನ ಗೊಂದಲ. ಪೇಪರಿನ ಅಲವೈಟ್ ಅಂದರೆ ಅಲವಿಗಳೇ. ಮೊರಾಕೊದ ರಾಜಮನೆತನಕ್ಕೂ ಅಲವಿ ಅಂತಲೇ ಹೆಸರು. ಅವರು ಸುನ್ನಿಗಳು, ಪ್ರವಾದಿಯ ಅಳಿಯ ಅಲಿಯ ವಂಶ ಅಂತ ಹೇಳಿಕೊಳ್ಳುವುದರಿಂದ ಆ ಹೆಸರು ಬಂತು. ಟರ್ಕಿಯ ಅಲೆವಿಗಳೂ ಬೇರೆ, ಅವರ ಹಾಡು, ಕುಣಿತ, ಸಂಪ್ರದಾಯ ಎಲ್ಲ ಬೇರೆಯೇ. ನಾನು ಹೇಳುತ್ತಿರುವುದು ಸಿರಿಯಾದ ಕರಾವಳಿ ಬೆಟ್ಟಗಳ ಅರಬ್ಬಿ ಮಾತಾಡುವ ಜನರ ಬಗ್ಗೆ. ಸಿರಿಯಾದ ನೂರು ಜನರಲ್ಲಿ ಹತ್ತು ಹನ್ನೆರಡು ಮಂದಿ ಇವರು ಅಂತ ಅಂದಾಜು. ಲತಾಕಿಯಾ, ತಾರ್ತೂಸ್, ಹೋಮ್ಸ್ ಇವರ ಊರುಗಳು. ಗಡಿಯಾಚೆ ಟರ್ಕಿಯ ಹತಾಯ್‌ನಲ್ಲೂ ಲೆಬನಾನಿನ ಟ್ರಿಪೋಲಿಯಲ್ಲೂ ಇದ್ದಾರೆ.

ಅಂಥ ಒಬ್ಬರು ಶಾರ್ಜಾದಲ್ಲಿ ನನ್ನ ಪಕ್ಕದ ಟೇಬಲ್‌ನಲ್ಲಿ ಕೂರುತ್ತಿದ್ದರು. ತಾರ್ತೂಸ್ ಕಡೆಯವರು, ನನಗಿಂತ ದೊಡ್ಡವರು. ಬೆಳಿಗ್ಗೆ ಬಂದ ತಕ್ಷಣ ಅವರದೊಂದು ಕೆಲಸ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಗ್ಲಾಸಿಗೆ ಹಸಿರು ಸೊಪ್ಪಿನ ಪುಡಿ ಅರ್ಧ ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆ ಚುಚ್ಚಿ, ಚೂರು ಚೂರೇ ಹೀರುವುದು. ನೀರು ಮುಗಿದರೆ ಮತ್ತೆ ಹೊಯ್ಯುವುದು. ಅದು ಮಾತೆ ಅಂತ, ಅರ್ಜೆಂಟೀನಾದ ಪಾನೀಯ. ಆ ಕಡೆ ದುಡಿಯೋಕೆ ಹೋದ ಸಿರಿಯಾದವರು ವಾಪಸ್ ಬರುವಾಗ ತಂದ ಚಟ, ಈಗ ಆ ಬೆಟ್ಟಗಳಲ್ಲಿ ಚಹಾಕ್ಕಿಂತ ಇದೇ ಜಾಸ್ತಿಯಂತೆ. ನಾನೂ ಒಮ್ಮೆ ಹೀರಿ ನೋಡಿದೆ. ಕಷಾಯ ವಾಸಿ.

ಎರಡು ವರ್ಷ ಅವರನ್ನು ಸುನ್ನಿ ಅಂತಲೇ ತಿಳಿದಿದ್ದೆ. ರಂಜಾನಿನಲ್ಲಿ ಆ ಗ್ಲಾಸು ಡ್ರಾಯರ್ ಒಳಗೆ ಹೋಗುತ್ತಿತ್ತು, ಆಗಾಗ ಅವರೂ ಡ್ರಾಯರ್ ಕಡೆ ಬಗ್ಗುತ್ತಿದ್ದರು. ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಕೊನೆಗೆ ಹೇಳಿದ್ದು ಡಮಾಸ್ಕಸ್‌ನ ಇನ್ನೊಬ್ಬ ಸಹೋದ್ಯೋಗಿ. "ಅವರು ಕಾಫಿ ಕೇಳೋದನ್ನ ನೀನು ಕೇಳಿಸಿಕೊಂಡಿಲ್ವಾ?" ಅಂದ. ಡಮಾಸ್ಕಸ್‌ನವರು ಕಾಫಿಗೆ 'ಅಹ್ವೆ' ಅಂತಾರೆ, ಮೊದಲಕ್ಷರ ನುಂಗಿಬಿಡುತ್ತಾರೆ. ಬೆಟ್ಟದವರು ಗಂಟಲಿನ ಆಳದಿಂದ ಎಳೆದು 'ಕಹ್ವೆ' ಅನ್ನುತ್ತಾರೆ. ಆ ಒಂದು 'ಕ' ಸಿರಿಯಾದಲ್ಲಿ ಎಷ್ಟೋ ವರ್ಷ ಅಧಿಕಾರದ ಸದ್ದಾಗಿತ್ತು. ಚೆಕ್‌ಪೋಸ್ಟಿನಲ್ಲಿ ಅದು ಕಿವಿಗೆ ಬಿದ್ದರೆ ಜನ ಮೆಲ್ಲಗೆ ಮಾತಾಡುತ್ತಿದ್ದರು.

ನಾನು ಪೆದ್ದನ ಹಾಗೆ ನೇರ ಹೋಗಿ ಕೇಳಿದೆ, ನೀವು ಮುಸ್ಲಿಮರಾ ಅಂತ. ಅವರು ಕೊಳವೆ ಬಾಯಿಂದ ತೆಗೆದು ಒಂದೇ ಮಾತು ಹೇಳಿದರು: "ಕೇಳ್ತಿರೋದು ಯಾರು? ನೀನಾ, ಬೇರೆ ಯಾರಾದ್ರೂನಾ?"

ಆಗ ಇದು ನುಣುಚಿಕೊಳ್ಳುವ ಮಾತು ಅನ್ನಿಸಿತ್ತು. ಆಮೇಲೆ ಓದುತ್ತಾ ಹೋದ ಹಾಗೆ, ಅಲವಿಗಳ ಸಾವಿರ ವರ್ಷದ ಚರಿತ್ರೆಯೇ ಆ ಒಂದು ಮಾತಿನಲ್ಲಿದೆ ಅನ್ನಿಸಿತು.

ಕಥೆ ಶುರುವಾಗುವುದು ಸಿರಿಯಾದಲ್ಲಲ್ಲ, ಇರಾಕಿನಲ್ಲಿ. 9ನೇ ಶತಮಾನ. ಶಿಯಾಗಳ 10 ಮತ್ತು 11ನೇ ಇಮಾಮರು, ಅಂದರೆ ಅಲಿಯ ವಂಶದ ಧರ್ಮಗುರುಗಳು, ಸಾಮರ್ರಾ ಪಟ್ಟಣದಲ್ಲಿ ಅಬ್ಬಾಸಿ ಖಲೀಫರ ಕಾವಲಿನಲ್ಲಿದ್ದ ಕಾಲ. ಆಗ ಮುಹಮ್ಮದ್ ಇಬ್ನ್ ನುಸೈರ್ ಅನ್ನುವವರು ಇಮಾಮರ ಗುಟ್ಟಿನ ಜ್ಞಾನಕ್ಕೆ ತಾನೇ 'ಬಾಬ್', ಅಂದರೆ ಬಾಗಿಲು, ಅಂದರು. ಉಳಿದ ಶಿಯಾಗಳಿಗೆ ಇದು ಅತಿಯಾಯಿತು. ಇಮಾಮರನ್ನು ದೇವರ ಮಟ್ಟಕ್ಕೆ ಏರಿಸುವವರಿಗೆ ಅವರಲ್ಲಿ 'ಗುಲಾತ್' ಅಂತ ಹೆಸರಿದೆ, ಮಿತಿ ಮೀರಿದವರು ಅಂತ ಅರ್ಥ. ಇಬ್ನ್ ನುಸೈರರನ್ನು ಆ ಪಟ್ಟಿಗೆ ಸೇರಿಸಿ ಹೊರಗಿಟ್ಟರು. ಹಿಂದೆ ಹೋದವರು ನುಸೈರಿಗಳಾದರು. ಇಪ್ಪತ್ತನೇ ಶತಮಾನ ಬರುವವರೆಗೂ ಅವರಿಗೆ ಅದೇ ಹೆಸರು.

ಅದನ್ನು ಒಂದು ಮತವಾಗಿ ಕಟ್ಟಿದ್ದು ಅಲ್-ಖಸೀಬಿ, 10ನೇ ಶತಮಾನದಲ್ಲಿ. ಅಲೆಪ್ಪೊದಲ್ಲಿ ಆಗ ಸೈಫ್ ಅಲ್-ದೌಲನ ಆಳ್ವಿಕೆ. ಅವನೂ ಶಿಯಾ, ಹಾಗಾಗಿ ಅಲ್ಲಿ ನೆಲೆ ಸಿಕ್ಕಿತು. ಮುಂದಿನ ಶತಮಾನದಲ್ಲಿ ಅಲ್-ತಬರಾನಿ ಲತಾಕಿಯಾಕ್ಕೆ ಬಂದರು. ಅಲ್ಲಿಂದ ಮತ ಬೆಟ್ಟ ಹತ್ತಿತು, ಆಮೇಲೆ ಅದೇ ಅದರ ಮನೆಯಾಯಿತು.

ಈಗ ಎಲ್ಲರಿಗೂ ಬೇಕಾದ ಭಾಗ. ಏನು ನಂಬುತ್ತಾರೆ? ದೇವರು ಒಬ್ಬನೇ, ಆದರೆ ಅವನು ಮೂರಾಗಿ ತೋರುತ್ತಾನೆ: ಅರ್ಥ, ಹೆಸರು, ಬಾಗಿಲು. ಕೊನೆಯ ಸಲ ತೋರಿದಾಗ ಅರ್ಥ ಅಲಿ, ಹೆಸರು ಮುಹಮ್ಮದ್, ಬಾಗಿಲು ಪ್ರವಾದಿಯ ಸಂಗಾತಿ ಸಲ್ಮಾನ್ ಫಾರಸಿ. ಮೂವರ ಮೊದಲಕ್ಷರ ಸೇರಿಸಿ ಐನ್-ಮೀಮ್-ಸೀನ್. ಅಂದರೆ ಪ್ರವಾದಿ ಹೆಸರು, ಆ ಹೆಸರಿನ ಹಿಂದಿನ ಅರ್ಥ ಅಲಿ. ಸುನ್ನಿಗಳಿರಲಿ, ಸಾಮಾನ್ಯ ಶಿಯಾಗಳಿಗೂ ಇದನ್ನು ಕೇಳಿದರೆ ಮೈ ಉರಿಯುತ್ತದೆ, ನಿಜ. ಪುನರ್ಜನ್ಮ ಉಂಟು. ಜೀವಗಳೆಲ್ಲ ಮೊದಲು ಬೆಳಕಾಗಿದ್ದವು, ಕೆಳಗೆ ಬಿದ್ದು ದೇಹ ಹೊಕ್ಕವು, ಮತ್ತೆ ಮತ್ತೆ ಹುಟ್ಟಿ ಶುದ್ಧವಾಗಿ ನಕ್ಷತ್ರಗಳಾಗಿ ಮೇಲೇರುತ್ತವೆ ಅನ್ನುವುದು ನಂಬಿಕೆ. ನಮ್ಮ ಹಿಂದೂ ಸ್ನೇಹಿತರು ಇಲ್ಲಿಗೆ ಬಂದ ಕೂಡಲೇ "ನೋಡಿದ್ಯಾ, ನಮ್ಮಿಂದಲೇ ಹೋಗಿದ್ದು" ಅಂತ ಎದ್ದು ಕೂರುತ್ತಾರೆ. ಸುಮ್ನೆ ಕೂತ್ಕೊಳ್ರೋ. ಗ್ರೀಕ್ ಚಿಂತನೆಯಲ್ಲೂ ಇದು ಇತ್ತು, ಪಕ್ಕದ ದ್ರೂಜ್ ಜನರಲ್ಲೂ ಇದೆ.

ಪೂಜೆಯಲ್ಲಿ ವೈನ್ ಇದೆ, ಆದರೆ ಕುಡಿದು ತೂರಾಡುವುದಕ್ಕಲ್ಲ, ಬೆಳಕಿನ ಗುರುತಾಗಿ. ಎರಡೂ ಈದ್ ಇದೆ, ಶಿಯಾಗಳ ಗದೀರ್ ಹಬ್ಬ ಇದೆ, ಇರಾನಿನ ನವ್ರೂಜ್ ಇದೆ, ಕ್ರಿಸ್‌ಮಸ್ ಕೂಡ ಇದೆ. ಮಸೀದಿಗಿಂತ ಸಂತರ ಗೋರಿಗಳಿಗೆ ನಡೆದುಕೊಳ್ಳುವುದು ಜಾಸ್ತಿ. ಬೆಟ್ಟದ ತುದಿಯಲ್ಲಿ ಬಿಳಿ ಗುಮ್ಮಟ, ಸುತ್ತ ಯಾರೂ ಕೊಡಲಿ ಹಾಕದ ಹಳೇ ಓಕ್ ಮರಗಳು, ಹರಕೆ ಹೊತ್ತವರ ಮಣಿಕಟ್ಟಿನಲ್ಲಿ ಹಸಿರು ಬಟ್ಟೆಯ ಚೂರು. ಹತಾಯ್‌ನ ಸಮಂದಾಗ್‌ನಲ್ಲಿ ಕಡಲತೀರದಲ್ಲೇ ಖಿಜ್ರ್ ಅನ್ನುವ ಸಂತರ ಗುಡಿಯಿದೆ. ಅದು ರಸ್ತೆಯ ವೃತ್ತದ ನಡುವೆ ಇರುವುದರಿಂದ ಜನ ಕಾರಿನಲ್ಲೇ ಮೂರು ಸುತ್ತು ಬರುತ್ತಾರೆ.

ಒಳಗಿನ ವಿದ್ಯೆ ಮಾತ್ರ ಗುಟ್ಟು. ಹುಡುಗ ಬೆಳೆದ ಮೇಲೆ ಒಬ್ಬ ಶೇಖ್ ಅವನಿಗೆ ದೀಕ್ಷೆ ಕೊಡುತ್ತಾರೆ, ಹೊರಗೆ ಬಾಯಿ ಬಿಡೋ ಹಾಗಿಲ್ಲ. ಹೆಂಗಸರಿಗೆ ದೀಕ್ಷೆಯೇ ಇಲ್ಲ. ಈ ಕಡೆ ನೋಡಿದರೆ ಅದೇ ಹೆಂಗಸರು ತಲೆಗೆ ಬಟ್ಟೆ ಇಲ್ಲದೆ ಓಡಾಡುತ್ತಾರೆ, ನೌಕರಿಗೆ ಹೋಗುತ್ತಾರೆ. ದಾರಿಯಲ್ಲಿ ಸ್ವಾತಂತ್ರ್ಯ, ದೇವರ ಕೋಣೆಗೆ ಬೀಗ. ನನಗೆ ಇದು ಹಿಡಿಸುವುದಿಲ್ಲ. ಇನ್ನೊಂದು ಮಾತು ನೆನಪಿರಲಿ, ಈ ಗುಟ್ಟುಗಳು ಹೊರಗೆ ಬಂದ ರೀತಿ. 1860ರ ದಶಕದಲ್ಲಿ ಅದಾನಾ ಊರಿನ ಸುಲೈಮಾನ್ ಅನ್ನುವವನು ಮತ ಬಿಟ್ಟು ಹೋಗಿ ಬೈರೂತಿನಲ್ಲಿ ಎಲ್ಲ ಬಿಚ್ಚಿ ಪುಸ್ತಕ ಅಚ್ಚು ಹಾಕಿಸಿದ. ಆಮೇಲೆ ಅವನ ಕೊಲೆಯಾಯಿತು. ಮನೆ ಬಿಟ್ಟು ಹೋದವನು ಮನೆಯ ಬಗ್ಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನ್ಯಾಯವೂ ಆಗಿರುವುದಿಲ್ಲ ಅಲ್ವಾ? ಜೊತೆಗೆ ಊರಲ್ಲಿರುವ ಸಾಮಾನ್ಯ ಅಲವಿಗೆ ಐನ್-ಮೀಮ್-ಸೀನ್ ತತ್ವವೆಲ್ಲ ಎಷ್ಟು ಗೊತ್ತಿರುತ್ತದೆ? ನನ್ನ ಸಹೋದ್ಯೋಗಿಗೆ ದೀಕ್ಷೆ ಆಗಿರಲೇ ಇಲ್ಲ. ಗೋರಿಗೆ ಹೋಗುತ್ತಿದ್ದರು, ಅಜ್ಜಿ ಕಟ್ಟಿದ ಹಸಿರು ದಾರ ಕಟ್ಟಿಕೊಂಡಿರುತ್ತಿದ್ದರು, ಅಷ್ಟೇ.

ಈಗ ಅವರ ಮಾತಿಗೆ ಬರುತ್ತೇನೆ. ಯಾರು ಕೇಳುತ್ತಿದ್ದಾರೆ?

13ನೇ ಶತಮಾನದಲ್ಲಿ ಕೇಳಿದ್ದು ಈಜಿಪ್ಟ್, ಸಿರಿಯಾ ಆಳುತ್ತಿದ್ದ ಮಮ್ಲೂಕ್ ಸುಲ್ತಾನ ಬೈಬರ್ಸ್. ಯುರೋಪಿನಿಂದ ಧರ್ಮಯುದ್ಧಕ್ಕೆ ಬಂದ ಕ್ರುಸೇಡರ್‌ಗಳು ಒಂದು ಕಡೆ, ಮಂಗೋಲರು ಇನ್ನೊಂದು ಕಡೆ, ನಡುವೆ ಬೆಟ್ಟದಲ್ಲಿ ಕೂತ ಈ ಜನ ಯಾರ ಕಡೆ ಅನ್ನುವ ಅನುಮಾನ. ಹಳ್ಳಿಗೊಂದು ಮಸೀದಿ ಕಟ್ಟಿ ಅಂತ ಅಪ್ಪಣೆ ಮಾಡಿದ. 1326ರಲ್ಲಿ ಆ ದಾರಿಯಲ್ಲಿ ಹೋದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಆ ಮಸೀದಿಗಳ ಗತಿ ಹೇಳುತ್ತಾನೆ. ಊರಿಂದ ದೂರ ಕಟ್ಟಿದ್ದಾರೆ, ಒಳಗೆ ಹೋಗುವವರಿಲ್ಲ, ದನಕರು ಕಟ್ಟುತ್ತಾರೆ. ಯಾರಾದರೂ ಪರವೂರಿನವನು ಬಂದು ಅಜಾನ್ ಕೂಗಿದರೆ "ಅರಚಬೇಡ, ಹುಲ್ಲು ಬರ್ತದೆ" ಅನ್ನುತ್ತಾರೆ, ಕತ್ತೆಗೆ ಹೇಳುವ ಹಾಗೆ. ಇದೇ ಇಬ್ನ್ ಬತೂತ ಮುಂದೆ ನಮ್ಮ ಹೊನ್ನಾವರಕ್ಕೂ ಬಂದವನು. ಇಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ನೋಡಿದೆ ಅಂತ ಬರೆದಿದ್ದಾನೆ. ನಮ್ಮೂರಿನ ಬಗ್ಗೆ ಹೊಗಳಿದವನು ಅಲವಿಗಳ ಬಗ್ಗೆ ಸುಳ್ಳು ಹೇಳಿರಲಿಕ್ಕಿಲ್ಲ ಅಂತ ನಾನು ನಂಬಿದ್ದೇನೆ, ಆದರೂ ಅವನು ಸುನ್ನಿ ಕಾಜಿ ಅನ್ನೋದು ಮನಸ್ಸಿನಲ್ಲಿರಲಿ.

ಅದೇ ಕಾಲದಲ್ಲಿ ಡಮಾಸ್ಕಸ್‌ನ ಸುನ್ನಿ ಪಂಡಿತ ಇಬ್ನ್ ತೈಮಿಯ್ಯಾ ಫತ್ವಾ ಕೊಟ್ಟರು, ಇವರು ಯಹೂದಿ ಕ್ರೈಸ್ತರಿಗಿಂತಲೂ ದೊಡ್ಡ ಕಾಫಿರರು ಅಂತ. ಇವರ ಮೇಲೆ ಕತ್ತಿ ಎತ್ತುವವರು ಇವತ್ತಿಗೂ ತೋರಿಸುವುದು ಅದೇ ಕಾಗದ. ಆರುನೂರು ವರ್ಷ ಬಿಟ್ಟು, 1936ರಲ್ಲಿ, ಜೆರುಸಲೇಮಿನ ಮುಫ್ತಿ ಅಮೀನ್ ಅಲ್-ಹುಸೈನಿ ಅದಕ್ಕೆ ತದ್ವಿರುದ್ಧ ಫತ್ವಾ ಕೊಟ್ಟರು, ಅಲವಿಗಳು ಮುಸ್ಲಿಮರೇ, ನಮ್ಮ ಸಹೋದರರೇ ಅಂತ. ಅಷ್ಟರಲ್ಲಿ ಮತವೇನೂ ಬದಲಾಗಿರಲಿಲ್ಲ. ಬದಲಾಗಿದ್ದು ರಾಜಕೀಯ. ಆಗ ಸಿರಿಯಾ ಆಳುತ್ತಿದ್ದ ಫ್ರೆಂಚರು 1920ರಲ್ಲಿ ಅಲವಿಗಳಿಗೆ ಪ್ರತ್ಯೇಕ ರಾಜ್ಯ ಮಾಡಿಕೊಟ್ಟಿದ್ದರು, ನುಸೈರಿ ಹೋಗಿ ಅಲವಿ ಅನ್ನುವ ಹೆಸರು ಗಟ್ಟಿಯಾಗಿದ್ದೂ ಆಗಲೇ. ಅದನ್ನು ಸಿರಿಯಾಕ್ಕೆ ಸೇರಿಸಬೇಕು ಅನ್ನುವುದು ಅರಬ್ ರಾಷ್ಟ್ರವಾದಿಗಳ ಹಟ. ಸೇರಿಸಬೇಕಾದರೆ ಮೊದಲು ನಮ್ಮವರು ಅನ್ನಬೇಕಲ್ಲ! 1936ರ ಕೊನೆಗೆ ಸೇರಿಯೂ ಆಯಿತು.

1973ರದ್ದು ಇನ್ನೂ ಸ್ವಾರಸ್ಯ. ಅಲವಿ ಸೇನಾಧಿಕಾರಿ ಹಫೀಜ್ ಅಲ್-ಅಸಾದ್ 1970ರಲ್ಲಿ ಸಿರಿಯಾದ ಅಧಿಕಾರ ಹಿಡಿದಿದ್ದ. ಅಧ್ಯಕ್ಷ ಮುಸ್ಲಿಮನಾಗಿರಬೇಕು ಅನ್ನುವ ಮಾತು ಹೊಸ ಸಂವಿಧಾನದ ಕರಡಿನಲ್ಲಿ ಇಲ್ಲ ಅಂತ ಸುನ್ನಿಗಳು ಬೀದಿಗಿಳಿದರು. ಅಸಾದ್ ಆ ಸಾಲು ಸೇರಿಸಿದ. ಸರಿ, ಆದರೆ ಅಸಾದ್ ಸ್ವತಃ ಮುಸ್ಲಿಮನಾ? ಅದೇ ವರ್ಷ ಲೆಬನಾನಿನ ಶಿಯಾ ನಾಯಕ ಮೂಸಾ ಅಲ್-ಸದ್ರ್ ಟ್ರಿಪೋಲಿಗೆ ಹೋಗಿ, ಅಲವಿಗಳು ಶಿಯಾಗಳೇ ಅಂದುಬಿಟ್ಟರು. ಸದ್ರ್‌ಗೆ ಬೆನ್ನಿಗೊಬ್ಬ ಬೇಕಿತ್ತು, ಅಸಾದ್‌ಗೆ ಒಂದು ಸರ್ಟಿಫಿಕೇಟ್ ಬೇಕಿತ್ತು. ಬೈಬರ್ಸ್‌ನಿಂದ ಹಿಡಿದು ಇಲ್ಲಿಯವರೆಗೆ ಈ ಪ್ರಶ್ನೆಯನ್ನು ದೇವರ ಸಲುವಾಗಿ ಕೇಳಿದವರು ಕಮ್ಮಿ.

"ಹಾಗಾದರೆ ಅಸಾದ್ ಕಾಲದಲ್ಲಿ ಅವರೆಲ್ಲ ಚೆನ್ನಾಗಿ ತಿಂದರಲ್ಲ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಕೆಲವರು ತಿಂದರು, ಚೆನ್ನಾಗಿಯೇ ತಿಂದರು. ಆದರೆ ಅದಕ್ಕೂ ಮುಂಚಿನ ಬಡತನ ಗೊತ್ತಿರಬೇಕು. ಸುನ್ನಿ ಜಮೀನ್ದಾರರ ಕೈಕೆಳಗೆ ಗೇಣಿ, ಬೆಟ್ಟದಲ್ಲಿ ಒಂದಿಷ್ಟು ತಂಬಾಕು. ಓಕ್ ಕಟ್ಟಿಗೆಯ ಹೊಗೆಗೆ ಒಣಗಿಸಿದ ಲತಾಕಿಯಾ ತಂಬಾಕು ಯುರೋಪಿನ ಪೈಪುಗಳಿಗೆ ಹೋಗುತ್ತಿತ್ತು, ಬೆಳೆದವರ ಹೆಣ್ಣುಮಕ್ಕಳು ಪಟ್ಟಣದ ಶ್ರೀಮಂತರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಗಂಡುಮಕ್ಕಳಿಗೆ ಇದ್ದ ಒಂದೇ ದಾರಿ ಸೈನ್ಯ. ಶ್ರೀಮಂತರಿಗೆ ಸೈನ್ಯ ಬೇಡವಾಗಿತ್ತು, ಫ್ರೆಂಚರಿಗೆ ಅಲ್ಪಸಂಖ್ಯಾತರೇ ಬೇಕಾಗಿತ್ತು. ಹೀಗೆ ಸಿಪಾಯಿಗಳಾಗಿ ಹೋದವರ ನಂತರದ ತಲೆಮಾರು 1963ರಲ್ಲಿ ಬಾತ್ ಪಕ್ಷ ಅಧಿಕಾರ ಹಿಡಿದ ದಂಗೆಯಲ್ಲಿ ಅಧಿಕಾರಿಗಳಾಗಿ ಕಾಣಿಸಿಕೊಂಡಿತು. ಆದರೂ ಅದು ಅಲವಿಗಳ ರಾಜ್ಯ ಅನ್ನುವುದಕ್ಕಿಂತ ಅಸಾದ್ ಕುಟುಂಬದ ರಾಜ್ಯ. ಹಫೀಜ್ ಕೆಳಗಿಳಿಸಿದ ಸಲಾಹ್ ಜದೀದ್ ಕೂಡ ಅಲವಿಯೇ. ಅವನು 1993ರಲ್ಲಿ ಸಾಯುವವರೆಗೂ ಜೈಲಿನಲ್ಲೇ ಇದ್ದ.

ಆ ಕುಟುಂಬದ ಲೆಕ್ಕ ಮಾತ್ರ ಇಡೀ ಜನರ ಹೆಸರಿಗೆ ಬಿತ್ತು. 2024ರ ಡಿಸೆಂಬರ್ 8ರಂದು ಹಫೀಜ್‌ನ ಮಗ ಬಶರ್ ಅಲ್-ಅಸಾದ್ ಅಧಿಕಾರ ಕಳೆದುಕೊಂಡು ವಿಮಾನ ಹತ್ತಿ ರಷ್ಯಾಕ್ಕೆ ಹೋದ. ಬೆಟ್ಟದವರು ಎಲ್ಲಿಗೆ ಹೋಗಬೇಕು? 2025ರ ಮಾರ್ಚ್‌ನಲ್ಲಿ, ಹಳೇ ಸೈನ್ಯದವರು ಕರಾವಳಿಯಲ್ಲಿ ಹೊಸ ಸರ್ಕಾರದ ಪಡೆಗಳ ಮೇಲೆ ದಾಳಿ ಮಾಡಿದ ಬೆನ್ನಿಗೆ, ಕೆಲವೇ ದಿನಗಳಲ್ಲಿ ಸುಮಾರು 1,400 ಜನ ಸತ್ತರು ಅಂತ ವಿಶ್ವಸಂಸ್ಥೆಯ ತನಿಖೆ ಹೇಳಿತು. ಹೆಚ್ಚಿನವರು ಸಾಮಾನ್ಯ ಅಲವಿಗಳು. ಬಂದೂಕು ಹಿಡಿದವರು ಬಾಗಿಲು ತಟ್ಟಿ ಮೊದಲು ಕೇಳುತ್ತಿದ್ದ ಪ್ರಶ್ನೆ, ನೀವು ಅಲವಿಗಳಾ ಸುನ್ನಿಗಳಾ ಅಂತ.

ಆ ವಾರ ನಾನು ನನ್ನ ಹಳೇ ಸಹೋದ್ಯೋಗಿಗೆ ಮೆಸೇಜ್ ಹಾಕಿದೆ. ಅವರು ಶಾರ್ಜಾದಲ್ಲೇ ಇದ್ದಾರೆ, ಮನೆಯವರು ಊರಲ್ಲಿ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ವಾಯ್ಸ್ ಮೆಸೇಜ್ ಬಂತು. ತಂಗಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಗಡಿಯ ಕಬೀರ್ ನದಿಯನ್ನು ನಡೆದೇ ದಾಟಿ ಲೆಬನಾನ್ ಸೇರಿದ್ದಾಳೆ, ಸೊಂಟದವರೆಗೆ ನೀರಿತ್ತಂತೆ. ದಾರಿಯಲ್ಲಿ ಯಾರಾದರೂ ತಡೆದರೆ ಬಾಯಿ ಬಿಡಬೇಡಿ, ಬಿಟ್ಟರೂ 'ಅಹ್ವೆ' ಅನ್ನಿ ಅಂತ ಮಕ್ಕಳಿಗೆ ಮನೆಯಲ್ಲೇ ನಾಲ್ಕು ಸಲ ಹೇಳಿಸಿ ಕರೆದುಕೊಂಡು ಹೊರಟಿದ್ದಳಂತೆ.