ಡೇ ಕೇರ್ ಕೇಂದ್ರದಲ್ಲಿ ದಿನ ಎಲ್ಲಿ ಕರಗುತ್ತದೆ?

ವಿಕಲಚೇತನರ ಡೇ ಕೇರ್ ಕೇಂದ್ರದ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ?’ ಎಂದು. ಮೂವರಿಗೆ ಒಬ್ಬರು ಎಂದರೆ ಕೇಳಿದವರಿಗೆ ಸಮಾಧಾನ. ಆದರೆ ಆ ಲೆಕ್ಕ ನಂಬಿ ಕೇಂದ್ರ ನಡೆಸಲು ಹೊರಟರೆ ಮಧ್ಯಾಹ್ನಕ್ಕೇ ಕೈ ಸೋಲುತ್ತದೆ. ಎಣಿಸಬೇಕಾದದ್ದು ತಲೆಗಳನ್ನಲ್ಲ, ನಿಮಿಷಗಳನ್ನು.

12 ಜನ, 4 ಸಿಬ್ಬಂದಿ, ದಿನಕ್ಕೆ 6 ಗಂಟೆ ಎಂದಿಟ್ಟುಕೊಳ್ಳಿ. ಕೈಯಲ್ಲಿರುವುದು ಒಟ್ಟು 1,440 ನಿಮಿಷ. ಐವರನ್ನು ಹಾಯ್ಸ್ಟ್ ಯಂತ್ರದಲ್ಲಿ ಎತ್ತಿ ಡೈಪರ್ ಬದಲಿಸಬೇಕು. ದಿನಕ್ಕೆ ಎರಡು ಸಲ, ಪ್ರತಿ ಸಲ 20 ನಿಮಿಷ, ಇಬ್ಬರು ಸಿಬ್ಬಂದಿ. ಅಲ್ಲಿಗೇ 400 ನಿಮಿಷ ಹೋಯಿತು. ನಾಲ್ವರಿಗೆ ಊಟ ಮಾಡಿಸಲು ತಲಾ 40, ಅಂದರೆ 160. ಸಿಬ್ಬಂದಿಯ ವಿಶ್ರಾಂತಿ ತಲಾ ಅರ್ಧ ಗಂಟೆ, 120. ಔಷಧಿ ಕೊಡುವುದಕ್ಕೆ, ದಾಖಲೆ ಬರೆಯುವುದಕ್ಕೆ 90. ಉಳಿಯುವುದು 670 ನಿಮಿಷ, ಅರ್ಧಕ್ಕಿಂತ ಕಡಿಮೆ. ಸಾಲದ್ದಕ್ಕೆ, ಇಬ್ಬರು ಡೈಪರ್ ಬದಲಿಸುವ ಕೋಣೆಯಲ್ಲಿರುವ 200 ನಿಮಿಷ ಹೊರಗಿನ 11 ಜನರನ್ನು ಇನ್ನಿಬ್ಬರೇ ನೋಡಿಕೊಳ್ಳಬೇಕು. ಒಬ್ಬರು ರಜೆ ಹಾಕಿದರೆ ಒಬ್ಬರೇ.

ಟಿವಿ ಹಚ್ಚಿ ಎಲ್ಲರನ್ನೂ ಅದರ ಮುಂದೆ ಕೂರಿಸುವುದು ಈ ಹೊತ್ತಿನಲ್ಲೇ. ಅದನ್ನು ಸೋಮಾರಿತನ ಎನ್ನುವವರು ಈ ಲೆಕ್ಕ ಹಾಕಿ ನೋಡಿರುವುದಿಲ್ಲ.

ಇನ್ನೂ ಅಪಾಯದ್ದು, ಇಬ್ಬರ ಕೆಲಸವನ್ನು ಒಬ್ಬರೇ ಮಾಡಲು ಹೋಗುವುದು. ಸ್ಲಿಂಗ್, ಅಂದರೆ ಹಾಯ್ಸ್ಟ್‌ಗೆ ಕುಣಿಕೆಗಳಿಂದ ಸಿಕ್ಕಿಸಿ ವ್ಯಕ್ತಿಯನ್ನು ಎತ್ತುವ ಬಟ್ಟೆಯ ಜೋಲಿ, ಆ ವ್ಯಕ್ತಿಯ ಅಳತೆಯದ್ದೇ ಆಗಿರಬೇಕು. ಹೊಲಿಗೆ ಬಿಟ್ಟಿದೆಯೇ, ತೂಕದ ಲೇಬಲ್ ಓದಲು ಬರುತ್ತಿದೆಯೇ ನೋಡಬೇಕು. ಗಾಲಿಕುರ್ಚಿಯ ಬ್ರೇಕ್ ಹಾಕಬೇಕು. ಎಡಕ್ಕೆ ಯಾವ ಬಣ್ಣದ ಕುಣಿಕೆ ಸಿಕ್ಕಿಸಿದ್ದೀರೋ ಬಲಕ್ಕೂ ಅದೇ ಬಣ್ಣದ್ದು. ನಾಲ್ಕಾರು ಸೆಂಟಿಮೀಟರ್ ಎತ್ತಿ ನಿಲ್ಲಿಸಿ, ಎಲ್ಲ ಕುಣಿಕೆಗಳೂ ಬಿಗಿಯಾಗಿವೆಯೇ ನೋಡಿ, ಆಮೇಲೆ ಪೂರ್ತಿ ಎತ್ತಬೇಕು. ಅವಸರದಲ್ಲಿ ಮೊದಲು ತಪ್ಪಿಹೋಗುವುದು ಈ ನಿಲುಗಡೆಯೇ. ಕುಣಿಕೆ ಹೆಚ್ಚುಕಡಿಮೆಯಾಗಿದ್ದರೆ ಮೈ ಒಂದು ಕಡೆಗೆ ವಾಲಿ ಜಾರುತ್ತದೆ. ಎತ್ತರ ಬದಲಿಸಬಹುದಾದ, ದೊಡ್ಡವರು ಮಲಗುವಷ್ಟು ಉದ್ದದ ಬೆಂಚು ಇಲ್ಲದಿದ್ದರೆ ನೆಲದ ಮೇಲೆ ಮಲಗಿಸಿ ಬಟ್ಟೆ ಬದಲಿಸುವ ಗತಿ ಬರುತ್ತದೆ. ಗೋಡೆಗೆ ಹಿಡಿಕೆ ಹಾಕಿದ ಶೌಚಾಲಯವೊಂದೇ ಇವರಿಗೆ ಏನೇನೂ ಸಾಲದು. ವಯಸ್ಕರೊಬ್ಬರನ್ನು ನೆಲದ ಮೇಲೆ ಮಲಗಿಸುವುದನ್ನು ಯಾವ ಕೇಂದ್ರವೂ ಒಪ್ಪಿಕೊಳ್ಳಬಾರದು.

ಊಟದ ಸಮಯವನ್ನು ಕಡಿತ ಮಾಡಲು ಬರುವುದೇ ಇಲ್ಲ. ನುಂಗಲು ತೊಂದರೆ ಇರುವವರ ಹಾಳೆಯಲ್ಲಿ ‘ಮೆತ್ತಗಿನ ಊಟ’ ಎಂದಷ್ಟೇ ಬರೆದರೆ ಒಬ್ಬೊಬ್ಬರೂ ಒಂದೊಂದು ಥರ ಅರ್ಥ ಮಾಡಿಕೊಳ್ಳುತ್ತಾರೆ. ಊಟ ಎಷ್ಟು ಮೆತ್ತಗೆ, ಪಾನೀಯ ಎಷ್ಟು ಗಟ್ಟಿ ಇರಬೇಕೆಂದು ಹೇಳುವ, 0ಯಿಂದ 7ರವರೆಗಿನ ಅಂತರರಾಷ್ಟ್ರೀಯ ಐಡಿಡಿಎಸ್‌ಐ ಮಟ್ಟವನ್ನೇ ಬರೆಯಿರಿ. ಉದಾಹರಣೆಗೆ 5ನೇ ಮಟ್ಟ ಎಂದರೆ ವಯಸ್ಕರಿಗೆ 4 ಮಿ.ಮೀ. ಅಗಲ ಮೀರದ, ತೇವವಿರುವ ಚೂರುಗಳು. ಫೋರ್ಕಿನ ಹಲ್ಲುಗಳ ನಡುವಿನ ಸಂದು ಸುಮಾರು ಅಷ್ಟೇ ಇರುತ್ತದೆ, ಅದರಿಂದಲೇ ಅಳೆಯಬಹುದು. ಕೆಮ್ಮು ಬರಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಕೆಲವರಿಗೆ ಸದ್ದಿಲ್ಲದೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತದೆ. ಊಟವಾದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಮೇಲಿಂದ ಮೇಲೆ ಎದೆಯ ಸೋಂಕು ಕಂಡರೆ ಅನುಮಾನಿಸಬೇಕು. ಉಂಡ ಬಳಿಕ ಅರ್ಧ ಗಂಟೆಯಾದರೂ ನೆಟ್ಟಗೆ ಕೂರಿಸಿರಬೇಕು.

ವ್ಯಾನಿನ ವಿಷಯದಲ್ಲಿ ಎರಡೇ ಮಾತು. ಗಾಲಿಕುರ್ಚಿಯನ್ನು ನಾಲ್ಕು ಪಟ್ಟಿಗಳಿಂದ ನೆಲಕ್ಕೆ ಬಿಗಿದರೆ ಕೆಲಸ ಅರ್ಧವಷ್ಟೇ ಆಯಿತು. ಕುರ್ಚಿಯ ಸೊಂಟದ ಪಟ್ಟಿ ಇರುವುದು ಕೂರುವ ಭಂಗಿಗೆ, ಅಪಘಾತಕ್ಕಲ್ಲ. ಕೂತವರಿಗೆ ವಾಹನದ ಬೆಲ್ಟ್ ಬೇರೆಯೇ ಹಾಕಬೇಕು. ಮತ್ತೆ, ಬೆಳಿಗ್ಗೆ ಮೊದಲು ಹತ್ತಿದವರನ್ನು ಸಂಜೆ ಮೊದಲು ಇಳಿಸಿ, ಇಲ್ಲದಿದ್ದರೆ ಎರಡೂ ಹೊತ್ತು ದೀರ್ಘ ಪ್ರಯಾಣ ಒಬ್ಬರ ಪಾಲಿಗೇ ಬೀಳುತ್ತದೆ.

ಹಣ ಹಾಜರಿಯ ಮೇಲೆ ಬರುವ ಕಡೆ ಅನ್ಯಾಯ ಇನ್ನೂ ಆಳದ್ದು. ಹೆಚ್ಚು ಆರೈಕೆ ಬೇಕಾದವರೇ ಆಗಾಗ ಆಸ್ಪತ್ರೆ ಸೇರುತ್ತಾರೆ. ಅಂದು ಕೇಂದ್ರಕ್ಕೆ ದುಡ್ಡಿಲ್ಲ, ಸಿಬ್ಬಂದಿಯ ಸಂಬಳ ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ಕೇಂದ್ರಗಳು ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರನ್ನೇ ಆರಿಸಿಕೊಂಡು, ನಿಜಕ್ಕೂ ಬೇಕಾದವರನ್ನು ‘ಜಾಗವಿಲ್ಲ’ ಎಂದು ಹಿಂದಕ್ಕೆ ಕಳಿಸುತ್ತವೆ. ಪ್ರತಿಯೊಬ್ಬರಿಗೂ ಬೇಕಾದ ಆರೈಕೆಯ ನಿಮಿಷಗಳ ಮೇಲೆ ಅನುದಾನ ನಿಗದಿಯಾಗಬೇಕು, ಆಸ್ಪತ್ರೆಯ ದಿನಗಳಿಗೂ ಒಂದಿಷ್ಟು ಹಣ ಸಿಗಬೇಕು. ಕೇಳುವಾಗ ಮೇಲಿನ ಲೆಕ್ಕದ ಪಟ್ಟಿಯನ್ನೇ ಮುಂದಿಡಿ.

ಸಿಬ್ಬಂದಿ ಬಿಟ್ಟುಹೋಗುವಾಗ ತಿಳಿವಳಿಕೆಯೂ ಅವರ ಜೊತೆಗೇ ಹೋಗುತ್ತದೆ. ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಪುಟದ ಹಾಳೆ ಇರಲಿ: ‘ಹೌದು’, ‘ಬೇಡ’ ಎನ್ನುವುದನ್ನು ಹೇಗೆ ತಿಳಿಸುತ್ತಾರೆ, ನೋವಾದಾಗ ಏನು ಮಾಡುತ್ತಾರೆ, ಫಿಟ್ಸ್ ಬಂದರೆ ಯಾವ ಔಷಧಿ, ಎಷ್ಟು, ಶುರುವಾಗಿ ಎಷ್ಟು ನಿಮಿಷವಾದ ಮೇಲೆ ಕೊಡಬೇಕು. ಬೇರೆ ಸೂಚನೆ ಇಲ್ಲದಿದ್ದರೆ ಫಿಟ್ಸ್ 5 ನಿಮಿಷ ದಾಟಿದ ಕೂಡಲೇ ಆಂಬುಲೆನ್ಸ್ ಕರೆಯಬೇಕು. ವ್ಯಾನಿನ ಸಹಾಯಕರ ಬಳಿಯೂ ಇದರ ಪ್ರತಿ ಬೇಕು, ಫಿಟ್ಸ್ ದಾರಿಯಲ್ಲೂ ಬರುತ್ತದೆ. ಡೋಸ್ ಬದಲಾದ ದಿನವೇ ಎರಡೂ ಹಾಳೆ ಬದಲಾಗಬೇಕು, ಹಳೆಯದನ್ನು ಅಲ್ಲೇ ಹರಿದುಹಾಕಬೇಕು.