ಮೊಟ್ಟೆಗೆಂದು ನಾಲ್ಕು ಕೋಳಿ: ಗೂಡನ್ನು ರಾತ್ರಿಗಾಗಿ ಕಟ್ಟಿ

ಮನೆ ಹಿಂದೆ ನಾಲ್ಕು ಕೋಳಿ ಸಾಕಲು ಹೊರಟವರು ಗೂಡನ್ನು ಹಗಲಿನ ಕಣ್ಣಲ್ಲೇ ನೋಡುತ್ತಾರೆ. ಬಣ್ಣ, ಬಾಗಿಲು, ಮುದ್ದಾದ ಕಿಟಕಿ. ಆದರೆ ಹಗಲಲ್ಲಿ ಹೇಟೆ ಗೂಡಿನೊಳಗೆ ಹೋಗುವುದು ಮೊಟ್ಟೆ ಇಡುವಷ್ಟು ಹೊತ್ತು ಮಾತ್ರ. ಉಳಿದಂತೆ ಅದು ಹೊರಗೆ ನೆಲ ಕೆದಕುತ್ತಿರುತ್ತದೆ. ಗೂಡು ಬೇಕಿರುವುದು ರಾತ್ರಿಗೆ. ಇಲಿ, ಹಾವು, ನರಿ ಬರುವುದು ರಾತ್ರಿ. ಹಿಕ್ಕೆ ಒಂದೇ ಕಡೆ ರಾಶಿ ಬೀಳುವುದು, ಅಮೋನಿಯಾ ಕಟ್ಟಿಕೊಳ್ಳುವುದು, ಕೆಂಪು ನುಸಿ ರಕ್ತ ಹೀರುವುದು ರಾತ್ರಿ. ಮೊಟ್ಟೆಯ ಚಿಪ್ಪು ಬಹುಪಾಲು ಕಟ್ಟಿಕೊಳ್ಳುವುದೂ ರಾತ್ರಿಯೇ. ಆದ್ದರಿಂದ ಗೂಡಿನ ಪ್ರತಿ ಅಳತೆಯನ್ನೂ ಕೋಳಿ ನಿದ್ದೆ ಮಾಡುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿರ್ಧರಿಸಬೇಕು.

ನಾಲ್ಕು ಹೇಟೆಗಳಿಗೆ ಒಳಗಿನ ಅಳತೆ 4 ಅಡಿಗೆ 4 ಅಡಿ ಇರಲಿ. ಅಂದರೆ ತಲೆಗೆ 4 ಚದರಡಿ. ಅದಕ್ಕೆ ಹೊಂದಿಕೊಂಡಂತೆ ಜಾಲರಿ ಹೊದಿಸಿದ ಅಂಗಳ ಕನಿಷ್ಠ 40 ಚದರಡಿ, ಅಂದರೆ ತಲೆಗೆ 10. ಇದಕ್ಕಿಂತ ಕಡಿಮೆಯಾದರೆ ಮೊದಲು ಗರಿ ಕೀಳುವುದು ಶುರುವಾಗುತ್ತದೆ, ಆಮೇಲೆ ರಕ್ತ ಬರುವಷ್ಟು ಕುಕ್ಕುವುದು. ರಕ್ತದ ಬಣ್ಣ ಕಂಡ ಕೋಳಿಗಳು ಮತ್ತೆ ಮತ್ತೆ ಅಲ್ಲಿಗೇ ಕುಕ್ಕುತ್ತವೆ. ಜಾಗ ಕೊಡದೆ ಆ ಚಾಳಿಯನ್ನು ಬಿಡಿಸಲು ಆಗುವುದಿಲ್ಲ. ಅಂಗಳದ ಮೇಲ್ಭಾಗವನ್ನೂ ಮುಚ್ಚಿ. ಹದ್ದು ಮಾತ್ರ ಎರಗುವುದು ಹಗಲಲ್ಲೇ.

ಗೂಡಿನ ನೆಲವನ್ನು ಮಣ್ಣಿನಿಂದ 18 ಇಂಚಾದರೂ ಎತ್ತರಿಸಿ. ನಾಲ್ಕೈದು ಇಂಚು ಮಾತ್ರ ಎತ್ತರಿಸಿದರೆ ಅಡಿಯ ಸಂದಿ ಇಲಿಗಳಿಗೆ ಹೇಳಿ ಮಾಡಿಸಿದ ಮನೆಯಾಗುತ್ತದೆ. ಒಂದೂವರೆ ಅಡಿ ಇದ್ದರೆ ಬಗ್ಗಿ ನೋಡಬಹುದು, ಗುಡಿಸಬಹುದು, ಬಿಸಿಲಿಗೆ ಕೋಳಿಗಳಿಗೂ ನೆರಳಾಗುತ್ತದೆ. ಚಾವಣಿ ಇಳಿಜಾರಾಗಿರಲಿ, ನೀರು ಅಂಗಳದ ಕಡೆ ಅಲ್ಲ, ಹೊರಗಡೆಗೆ ಬೀಳಲಿ. ಸೂರು ನಾಲ್ಕೂ ಕಡೆ ಒಂದಡಿ ಮುಂದೆ ಚಾಚಿರಲಿ.

ಜಾಲರಿಯ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ಆರು ಮೂಲೆಯ ಕಣ್ಣಿನ ತೆಳು ತಂತಿಯ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಶತ್ರುವನ್ನು ಹೊರಗಿಡುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ, ಇಲಿ ಕಣ್ಣಿನೊಳಗೇ ನುಸುಳುತ್ತದೆ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಕಲಾಯಿ ಜಾಲರಿಯೇ ಬೇಕು. ಅದನ್ನು ಬರೀ ಪಿನ್ನು ಹೊಡೆದು ಬಿಡಬೇಡಿ. ಒಂದು ತಳ್ಳಿಗೆ ಪಿನ್ನು ಕಿತ್ತು ಬರುತ್ತದೆ. ಅಗಲ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ, ಅಥವಾ ಜಾಲರಿಯ ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಸ್ಕ್ರೂ ಮಾಡಿ. ನೆಲ ತೋಡಿ ಬರುವ ಪ್ರಾಣಿಗಳಿಗೆ ಸುಲಭದ ಉಪಾಯವಿದೆ: ಗೋಡೆಯ ಬುಡದಿಂದ ಹೊರಗಡೆಗೆ 2 ಅಡಿ ಅಗಲದ ಜಾಲರಿಯನ್ನು ನೆಲದ ಮೇಲೆ ಹಾಸಿ, ಗೂಟ ಹೊಡೆದು, ಮೇಲೆ ಮಣ್ಣು ಮುಚ್ಚಿ. ಪ್ರಾಣಿ ಯಾವಾಗಲೂ ಗೋಡೆಯ ಬುಡದಲ್ಲೇ ತೋಡಲು ನೋಡುತ್ತದೆ. ಜಾಲರಿ ಉಗುರಿಗೆ ಸಿಕ್ಕಿದ ಮೇಲೆ ಎರಡಡಿ ಹಿಂದೆ ಸರಿದು ತೋಡಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಇನ್ನು ಚಿಲಕ. ಎತ್ತಿದರೆ ತೆರೆದುಕೊಳ್ಳುವ ಕೊಕ್ಕೆ ಸಾಲದು. ಎತ್ತಿ ಎಳೆಯಬೇಕಾದ, ಎರಡು ಚಲನೆಯ ಚಿಲಕ ಹಾಕಿ. ಮೊಟ್ಟೆ ಪೆಟ್ಟಿಗೆಯ ಮುಚ್ಚಳಕ್ಕೂ ಅದೇ ಬೇಕು. ಬಹಳ ಮಂದಿ ಬಾಗಿಲನ್ನು ಭದ್ರ ಮಾಡಿ ಮುಚ್ಚಳವನ್ನು ಮರೆಯುತ್ತಾರೆ.

ಗಾಳಿ. ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲಿ. ಚಳಿಯಾಗುತ್ತದೆಂದು ಗೂಡನ್ನು ಡಬ್ಬಿಯಂತೆ ಮುಚ್ಚಿಬಿಡುತ್ತಾರೆ. ಕೋಳಿಗೆ ಚಳಿ ತಡೆಯಲು ಗರಿಯಿದೆ, ಹಸಿ ಗಾಳಿಯನ್ನು ತಡೆಯಲು ಏನೂ ಇಲ್ಲ. ಅದರ ಉಸಿರಿನಲ್ಲೂ ಹಿಕ್ಕೆಯಲ್ಲೂ ಬಹಳ ನೀರಿನಂಶವಿರುತ್ತದೆ. ಆ ತೇವ ಹೊರಗೆ ಹೋಗದಿದ್ದರೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಶ್ವಾಸನಾಳದ ಒಳಪದರ ಹಾಳಾಗುತ್ತದೆ, ಸೀನು, ಗೊರಗೊರ ಶುರು. ಹಿಮ ಬೀಳುವ ಕಡೆ ಜುಟ್ಟು ಹೆಪ್ಪುಗಟ್ಟಿ ಕಪ್ಪಾಗುವುದಕ್ಕೂ ಚಳಿಗಿಂತ ಈ ತೇವವೇ ದೊಡ್ಡ ಕಾರಣ. ಮುಂದಿನ ಮತ್ತು ಹಿಂದಿನ ಗೋಡೆಯ ತುದಿಯಲ್ಲಿ, ಸೂರಿನ ಕೆಳಗೆ, 4 ಅಡಿ ಉದ್ದಕ್ಕೂ 6 ಇಂಚಿನ ಪಟ್ಟಿಯನ್ನು ತೆರೆದಿಟ್ಟು ಜಾಲರಿ ಹೊಡೆಯಿರಿ. ಎರಡೂ ಸೇರಿ 4 ಚದರಡಿ, ತಲೆಗೆ ಒಂದು ಚದರಡಿ. ಇದು ಕೂತ ಕೋಳಿಯ ತಲೆಗಿಂತ ಮೇಲಿರಬೇಕು. ಗಾಳಿ ಮೈಮೇಲೆ ಬೀಸಬಾರದು, ಮೇಲಿನಿಂದ ಹಾದುಹೋಗಬೇಕು. ಸೆಕೆ ಹೆಚ್ಚಿರುವ ಕಡೆ ಇಡೀ ಒಂದು ಗೋಡೆಯನ್ನೇ ಜಾಲರಿ ಮಾಡಬಹುದು. ಬೆಳಗ್ಗೆ ಬಾಗಿಲು ತೆರೆದ ತಕ್ಷಣ ಕೋಳಿಯ ಎತ್ತರಕ್ಕೆ ತಲೆ ತಗ್ಗಿಸಿ ಮೂಸಿ ನೋಡಿ. ಕಣ್ಣು ಚುರುಗುಟ್ಟಿದರೆ ಗಾಳಿ ಸಾಲದು ಎಂದೇ ಅರ್ಥ.

ಕೂರುವ ಅಡ್ಡಪಟ್ಟಿ 2 ಇಂಚು ಅಗಲ, ಅಂಚು ಉಜ್ಜಿ ದುಂಡಗೆ ಮಾಡಿದ್ದು. ಕೋಳಿಗೆ 10 ಇಂಚಿನಂತೆ ನಾಲ್ಕಕ್ಕೆ ಒಂದೇ 4 ಅಡಿ ಪಟ್ಟಿ ಸಾಕು. ನೆಲದಿಂದ 2 ಅಡಿ ಎತ್ತರ, ಗೋಡೆಯಿಂದ ಒಂದಡಿ ದೂರ. ಇದಕ್ಕಿಂತ ಬಹಳ ಎತ್ತರವಿಟ್ಟರೆ ಭಾರದ ತಳಿಗಳು ಧುಮುಕುವಾಗ ಪಾದಕ್ಕೆ ಗಾಯವಾಗಿ ಗಂಟುಹುಣ್ಣು ಕಟ್ಟುತ್ತದೆ. ಮೊಟ್ಟೆ ಪೆಟ್ಟಿಗೆ ಇದಕ್ಕಿಂತ ಕೆಳಗೇ ಇರಬೇಕು, ತಳ ನೆಲದಿಂದ 12 ಇಂಚಿನಷ್ಟು. ಕೋಳಿ ಸಿಕ್ಕಿದ್ದರಲ್ಲಿ ಎತ್ತರದ ಜಾಗದಲ್ಲೇ ಮಲಗುತ್ತದೆ. ಪೆಟ್ಟಿಗೆ ಮೇಲಿದ್ದರೆ ಅಲ್ಲೇ ಮಲಗಿ ಅಲ್ಲೇ ಹಿಕ್ಕೆ ಹಾಕುತ್ತದೆ, ಮರುದಿನ ಮೊಟ್ಟೆಯೆಲ್ಲ ಗಲೀಜು. ಪೆಟ್ಟಿಗೆ ಒಂದಡಿ ಘನ, ಮುಂದೆ 4 ಇಂಚಿನ ತಡೆ, ಒಳಗೆ ಒಣಹುಲ್ಲು, ಸ್ವಲ್ಪ ಕತ್ತಲೆ. ನಾಲ್ಕು ಹೇಟೆಗೆ ಲೆಕ್ಕದಲ್ಲಿ ಒಂದು ಸಾಕು, ಎರಡು ಮಾಡಿ. ಆದರೂ ಎಲ್ಲವೂ ಒಂದೇ ಪೆಟ್ಟಿಗೆಗೆ ಸಾಲು ನಿಲ್ಲುವುದುಂಟು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ನೆಲಕ್ಕೆ ಒಣಗಿದ ಮರದ ಹೊಟ್ಟು, ಭತ್ತದ ಹೊಟ್ಟು ಅಥವಾ ತರಗೆಲೆ 4ರಿಂದ 6 ಇಂಚು. ಕೈಯಲ್ಲಿ ಹಿಡಿದು ಹಿಂಡಿದರೆ ಉಂಡೆ ಕಟ್ಟದೆ ಉದುರಬೇಕು. ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ, ಒಣ ಹೊಟ್ಟು ಸೇರಿಸಿ ಕೆದಕಿ.

ಇನ್ನು ನುಸಿ. ಕೆಂಪು ನುಸಿ ಹಗಲಲ್ಲಿ ಕೋಳಿಯ ಮೈಮೇಲೆ ಸಿಗುವುದಿಲ್ಲ. ಅದಕ್ಕೇ ಎಷ್ಟೋ ಜನ ಮೈ ತಡಕಿ ನೋಡಿ, ಏನೂ ಇಲ್ಲವೆಂದು ಸುಮ್ಮನಾಗುತ್ತಾರೆ. ಹೇಟೆ ಮಾತ್ರ ಜುಟ್ಟು ಬಿಳಿಚಿಕೊಂಡು ಮೊಟ್ಟೆ ನಿಲ್ಲಿಸುತ್ತದೆ, ರಾತ್ರಿ ಗೂಡಿಗೆ ಹೋಗಲು ಹಿಂಜರಿಯುತ್ತದೆ. ಅಡ್ಡಪಟ್ಟಿಯ ತುದಿಯನ್ನು ಅದನ್ನು ಕೂರಿಸಿದ ಜಾಗದಿಂದ ಎತ್ತಿ ಅಡಿಭಾಗ ನೋಡಿ. ಉಪ್ಪು ಮೆಣಸಿನ ಪುಡಿ ಚೆಲ್ಲಿದಂತೆ ಬೂದು ಬಣ್ಣದ ಪುಡಿ ಕಂಡರೆ ಅದೇ ನುಸಿಯ ತಾಣ. ಕತ್ತಲಾದ ಮೇಲೆ ಬಿಳಿ ಬಟ್ಟೆಯಿಂದ ಪಟ್ಟಿಯ ಕೆಳಗೆ ಒರೆಸಿದರೆ ಬಟ್ಟೆಗೆ ಕೆಂಪು ಗೆರೆ ಹತ್ತುತ್ತದೆ. ಬೆಚ್ಚಗಿನ ಹವೆಯಲ್ಲಿ ಇದರ ಜೀವನಚಕ್ರ ಒಂದು ವಾರದಲ್ಲಿ ಮುಗಿಯುತ್ತದೆ, ಆದ್ದರಿಂದ ಒಂದು ಸಲ ತೊಳೆದು ಬಿಟ್ಟರೆ ಪ್ರಯೋಜನವಿಲ್ಲ. ಕೋಳಿಗಳನ್ನು ಹೊರಗೆ ಬಿಟ್ಟು, ಪಟ್ಟಿ ಬಿಚ್ಚಿ, ಕೆರೆದು, ಸಂದಿಗಳಿಗೆ ಕುದಿಯುವ ನೀರು ಸುರಿದು, ಒಣಗಿದ ಮೇಲೆ ತುದಿಗಳಿಗೆ ಎಣ್ಣೆ ಹಚ್ಚಿ. ಐದಾರು ದಿನ ಬಿಟ್ಟು ಮತ್ತೆ ಮಾಡಿ, ಮತ್ತೊಮ್ಮೆಯೂ ಮಾಡಿ. ಈ ಕಾರಣಕ್ಕೇ ಪಟ್ಟಿಗೆ ಮೊಳೆ ಹೊಡೆಯಬಾರದು, ಎತ್ತಿ ತೆಗೆಯುವಂತಿರಬೇಕು. ಗೂಡು ಕಟ್ಟುವಾಗಲೇ ಮರದ ಸಂದಿಗಳನ್ನು ತುಂಬಿಸಿಬಿಡಿ. ಮೈಮೇಲಿನ ಹೇನಿಗೆ ಕೋಳಿಯದೇ ಮದ್ದಿದೆ: ಮಳೆ ಬೀಳದ ಕಡೆ ಎರಡಡಿ ಪೆಟ್ಟಿಗೆಯಲ್ಲಿ 8 ಇಂಚು ಒಣ ಮಣ್ಣು ಮತ್ತು ಮರಳು ತುಂಬಿಟ್ಟರೆ ಧೂಳುಸ್ನಾನ ಮಾಡಿಕೊಳ್ಳುತ್ತದೆ.

ಹೊಸಬರು 14ರಿಂದ 16 ವಾರದ ಎಳೆ ಹೇಟೆಗಳನ್ನೇ ತರುವುದು ಮೇಲು. ಮರಿಗಳಿಂದ ಶುರು ಮಾಡಿದರೆ ಮೊದಲ ವಾರ 35 ಡಿಗ್ರಿ ಕಾವು ಕೊಟ್ಟು ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮೂರರಿಂದ ಆರು ವಾರದ ನಡುವೆ ಹಿಕ್ಕೆಯಲ್ಲಿ ರಕ್ತ ಬರುವ ಕಾಕ್ಸಿಡಿಯೋಸಿಸ್‌ನ ಭಯ ಬೇರೆ. ಕೊಕ್ಕರೆ (ರಾಣಿಖೇತ್) ರೋಗಕ್ಕೂ ಕಾಲು ಬೀಳಿಸುವ ವೈರಸ್ ರೋಗವಾದ ಮಾರೆಕ್ಸ್‌ಗೂ ಲಸಿಕೆ ಆಗಿದೆಯೇ ಎಂದು ಕೇಳಿಯೇ ತನ್ನಿ. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಬೇಕಿದ್ದರೆ ಮಾತ್ರ ಬೇಕು. ಈಗಾಗಲೇ ಕೋಳಿಗಳಿದ್ದು ಹೊಸದನ್ನು ಸೇರಿಸುವುದಾದರೆ 30 ದಿನ ಬೇರೆ ಇಡಿ, ಆಮೇಲೆ ಒಂದು ವಾರ ಜಾಲರಿಯ ಆಚೀಚೆ ನೋಡಿಕೊಳ್ಳಲಿ. ಒಳಗೆ ಬಿಡುವುದು ಕತ್ತಲಾದ ಮೇಲೆ, ನೇರ ಅಡ್ಡಪಟ್ಟಿಯ ಮೇಲೆ. ಜಗಳ ಪೂರ್ತಿ ತಪ್ಪುವುದಿಲ್ಲ, ಕಡಿಮೆಯಾಗುತ್ತದೆ.

ಸುಮಾರು 18 ವಾರದವರೆಗೆ ಬೆಳವಣಿಗೆಯ ಆಹಾರ, ಅನಂತರ ಮೊಟ್ಟೆಕೋಳಿ ಆಹಾರ: ಪ್ರೋಟೀನ್ ಶೇ 16, ಕ್ಯಾಲ್ಸಿಯಂ ಶೇ 3.5ರಿಂದ 4. ಮೊಟ್ಟೆಕೋಳಿ ಆಹಾರವನ್ನು ಎಳೆ ಮರಿಗಳಿಗೆ ಹಾಕಬಾರದು, ಆ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ದಿನಕ್ಕೆ ಕೋಳಿಗೆ 110ರಿಂದ 120 ಗ್ರಾಂ. ನಾಲ್ಕಕ್ಕೆ ತಿಂಗಳಿಗೆ 15 ಕಿಲೋ ಆಗುತ್ತದೆ, ಅದಕ್ಕಿಂತ ಹೆಚ್ಚು ಕೂಡಿಡಬೇಡಿ. ಬೂಷ್ಟು ಹಿಡಿದ ಆಹಾರದ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ. ಅಡುಗೆಮನೆಯ ಉಳಿಕೆ ಹತ್ತರಲ್ಲಿ ಒಂದು ಪಾಲು ಮೀರಬಾರದು. ನೀರು ಆಹಾರದ ಎರಡರಷ್ಟು, ಸೆಕೆಗೆ ಅದರ ಇಮ್ಮಡಿ. ಒಂದೇ ಒಂದು ದಿನ ನೀರು ತಪ್ಪಿದರೆ ಮೊಟ್ಟೆ ಹಲವು ದಿನ ನಿಂತುಹೋಗುತ್ತದೆ.

ಚಿಪ್ಪಿನ ಲೆಕ್ಕ ನನಗೆ ಅತ್ಯಂತ ಇಷ್ಟದ್ದು. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ. ಈ ಕೆಲಸ ಜೋರಾಗಿ ನಡೆಯುವುದು ಕೋಳಿ ಏನೂ ತಿನ್ನದೆ ಮಲಗಿರುವ ಹೊತ್ತಿನಲ್ಲಿ. ಪುಡಿ ಸುಣ್ಣಕಲ್ಲು ಕೊಟ್ಟರೆ ಬೇಗ ಕರುಳು ದಾಟಿ ಹೋಗುತ್ತದೆ. 2ರಿಂದ 4 ಮಿಲಿಮೀಟರ್ ಚೂರಾದ ಕಪ್ಪೆಚಿಪ್ಪು ಅಥವಾ ಸುಣ್ಣಕಲ್ಲಾದರೆ ಕಾಳು ಅರೆಯುವ ಹೊಟ್ಟೆಯಲ್ಲಿ ಉಳಿದು ರಾತ್ರಿಯಿಡೀ ನಿಧಾನ ಕರಗುತ್ತದೆ. ಬೇರೆ ಬಟ್ಟಲಿನಲ್ಲಿ ಇಡಿ. ಮಧ್ಯಾಹ್ನದ ಮೇಲೆ ಬೇಕಾದ ಹೇಟೆ ತಾನೇ ಹುಡುಕಿ ತಿನ್ನುತ್ತದೆ. ಬೇಸಿಗೆಯಲ್ಲಿ ಇಷ್ಟು ಕೊಟ್ಟರೂ ಚಿಪ್ಪು ತೆಳುವಾಗುವುದಕ್ಕೆ ಕಾರಣ ಬೇರೆ. ಏದುಸಿರು ಬಿಡುವ ಕೋಳಿ ರಕ್ತದ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುತ್ತದೆ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕೊರತೆಯಾಗುತ್ತದೆ. ಆಗ ಇನ್ನಷ್ಟು ಕ್ಯಾಲ್ಸಿಯಂ ಸುರಿದು ಫಲವಿಲ್ಲ. ನೆರಳು, ತಂಪು ನೀರು ಕೊಡಿ, ಆಹಾರವನ್ನು ಬೆಳಗ್ಗೆ ಬೇಗ ಹಾಕಿ.

ತೆಳು ಚಿಪ್ಪು ಒಡೆದು ರುಚಿ ಹತ್ತಿದರೆ ಮೊಟ್ಟೆ ತಿನ್ನುವ ಚಟ ಶುರುವಾಗುತ್ತದೆ. ಒಂದು ಕಲಿತರೆ ಉಳಿದವೂ ಕಲಿಯುತ್ತವೆ. ದಿನಕ್ಕೆ ಎರಡು ಸಲ ಮೊಟ್ಟೆ ತೆಗೆಯಿರಿ, ಪೆಟ್ಟಿಗೆಯನ್ನು ಇನ್ನಷ್ಟು ಕತ್ತಲು ಮಾಡಿ, ಪಿಂಗಾಣಿಯ ಮೊಟ್ಟೆ ಇಡಿ. ಕಾವಿಗೆ ಕೂತು ಏಳದ ಹೇಟೆಯನ್ನು ತಳಕ್ಕೂ ಜಾಲರಿಯಿರುವ ಎತ್ತರದ ಪಂಜರದಲ್ಲಿ ನೀರು, ಆಹಾರ ಕೊಟ್ಟು ಎರಡು ಮೂರು ದಿನ ಇಟ್ಟರೆ ಹೊಟ್ಟೆಯಡಿ ಗಾಳಿಯಾಡಿ ಕಾವು ಇಳಿಯುತ್ತದೆ.

ಹಗಲು ಚಿಕ್ಕದಾಗುವ ಕಾಲದಲ್ಲಿ ಮೊಟ್ಟೆ ಕಡಿಮೆಯಾಗುವುದು ಸಹಜ, ಮೊಟ್ಟೆ ಇಡಲು ಹೇಟೆಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ದೀಪ ಹಾಕುವುದಾದರೆ ಬೆಳಗಿನ ಜಾವ ಹಾಕಿ. ಸಂಜೆ ಹಾಕಿ ಥಟ್ಟನೆ ಆರಿಸಿದರೆ ನೆಲದಲ್ಲಿದ್ದ ಕೋಳಿಗೆ ಪಟ್ಟಿ ಕಾಣುವುದಿಲ್ಲ, ರಾತ್ರಿಯೆಲ್ಲ ಕೆಳಗೇ ಕೂತಿರುತ್ತದೆ. ಸುಮಾರು ಒಂದೂವರೆ ವರ್ಷಕ್ಕೆ ಗರಿ ಉದುರಲು ಶುರುವಾದಾಗ ಮೊಟ್ಟೆ ಪೂರ್ತಿ ನಿಲ್ಲಬಹುದು. ಅದು ರೋಗವಲ್ಲ. ಗರಿಯ ಬಹುಭಾಗ ಪ್ರೋಟೀನೇ, ಆದ್ದರಿಂದ ಆ ಎರಡು ಮೂರು ತಿಂಗಳು ಪ್ರೋಟೀನ್ ಶೇ 18ರಿಂದ 20 ಇರುವ ಆಹಾರಕ್ಕೆ ಬದಲಿಸಿ, ಸುಣ್ಣದ ಬಟ್ಟಲನ್ನು ಹಾಗೇ ಬಿಡಿ, ಮೊಳೆಯುತ್ತಿರುವ ಗರಿ ನೋಯುವುದರಿಂದ ಕೈಯಲ್ಲಿ ಹಿಡಿಯುವುದನ್ನು ಕಡಿಮೆ ಮಾಡಿ.