ಖಾರ ಅಂದ್ರ ಉಪ್ಪು

ಮೊನ್ನೆ ಬುಧವಾರ ರಾತ್ರಿ ಊರಿಂದ ಮಾಮಾನ ಮಗ ಫೋನ್ ಮಾಡಿದ. ಆರಾಮದೀಯೇನು ಅಂತಲೂ ಕೇಳದೆ, "ಏನಕ್ಕಾ, ಗೋವಾದವ್ರು ನೀರ್ ಬಿಡಾಕ ಒಪ್ಪ್ಯಾರಂತಲ್ಲ? ಅಪ್ಪ ಕಟ್ಟಿ ಮ್ಯಾಲ ಕುಂತು ಕಂಡಕಂಡವರ ಮುಂದ ಹೇಳಾಕ ಹತ್ಯಾನ" ಅಂತ ನಕ್ಕ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ಉಳಿಯಲಿಲ್ಲ. ಒಪ್ಪಿದ್ದು ಯಾರು, ಯಾವ ಮಾತಿಗೆ ಒಪ್ಪಿದ್ದು ಅನ್ನೋದು ಭೂಮಿ ಮೇಲೆ ನನಗೊಬ್ಬಳಿಗೇ ಗೊತ್ತು.

ಮಾಮಾ, ಅತ್ತಿ ಇಬ್ಬರೂ ಹೋದ ಶುಕ್ರವಾರ ಪಣಜಿಗೆ ಬಂದಿದ್ದರು. ನಾನು ಇಲ್ಲಿಗೆ ಬಂದು 14 ವರ್ಷವಾದರೂ ಅವರು ಬಂದಿದ್ದು ಇದೇ ಮೊದಲು. ಅತ್ತಿಗೆ ಸಮುದ್ರ ನೋಡಬೇಕಿತ್ತು. ಮಾಮಾಗೆ ಮಹಾದಾಯಿ ನೋಡಬೇಕಿತ್ತು. ನವಲಗುಂದದ ಹತ್ತಿರ ಆರು ಎಕರೆ ಎರಿ ಹೊಲ ಇರೋ ಮನುಷ್ಯ. 1980ರ ಜುಲೈನಲ್ಲಿ ಅಲ್ಲಿ ರೈತರ ಮೇಲೆ ಗೋಲಿಬಾರ್ ಆದಾಗ ಇಪ್ಪತ್ಮೂರರ ಹುಡುಗ. 2015ರಿಂದ ಮಹಾದಾಯಿ ಧರಣಿ ಅಂದರೆ ಟೆಂಟಿನಲ್ಲಿ ಮೊದಲು ಚಾಪೆ ಹಾಸುವವನೇ ಇವನು. ನ್ಯಾಯಮಂಡಳಿ 2018ರ ಆಗಸ್ಟ್ 14ಕ್ಕೆ ಕೊಟ್ಟ ಲೆಕ್ಕವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾನೆ: ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33, ನಮ್ಮದರಲ್ಲಿ ಮಲಪ್ರಭೆಗೆ ತಿರುಗಿಸೋದು ಬರೀ 3.9. ಯಾವ ನೀರಿಗಾಗಿ ಇಷ್ಟು ವರ್ಷ ಕೂಗಿದನೋ ಅದನ್ನು ಒಮ್ಮೆಯೂ ಕಣ್ಣಿಂದ ಕಂಡಿರಲಿಲ್ಲ.

ನಾನು ಮಾತ್ರ ಎಲ್ಲರನ್ನೂ ಕರೆದುಕೊಂಡು ಹೋಗುವ ಕಡೆಗೇ ಮೊದಲು ಕರೆದುಕೊಂಡು ಹೋದೆ. ಕಲಂಗುಟದಲ್ಲಿ ಅತ್ತಿ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನಿಂತವಳು ಒಂದು ತಾಸು ಅಲ್ಲಾಡಲಿಲ್ಲ. ಕಾಲ್ಗೆಜ್ಜೆ ಮಾರಲು ಬಂದ ಲಂಬಾಣಿ ಹೆಂಗಸು ಹಿಂದಿಯಲ್ಲಿ ಶುರು ಮಾಡಿ, ಅತ್ತಿಯ ಬಾಯಿ ಕೇಳಿ, "ಯಾವೂರ್ರೀ ಯಕ್ಕಾ?" ಅಂದಳು. ಅವಳದು ಗದಗಿನ ಕಡೆ ತಾಂಡಾ. ಆಮೇಲೆ ಚೌಕಾಸಿ ಕನ್ನಡದಲ್ಲಿ ನಡೆಯಿತು, ರೇಟೇನೂ ಕಡಿಮೆಯಾಗಲಿಲ್ಲ. ಹಳೇ ಗೋವಾದ ಬಾಮ್ ಜೀಸಸ್ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಬೆಳ್ಳಿ ಪೆಟ್ಟಿಗೆಯನ್ನು ಮಾಮಾ ಕತ್ತೆತ್ತಿ ನೋಡಿದ. 1552ರಲ್ಲಿ ಚೀನಾದ ಹತ್ತಿರ ಒಂದು ದ್ವೀಪದಲ್ಲಿ ತೀರಿಕೊಂಡವರ ದೇಹವನ್ನು ಇಲ್ಲಿಗೆ ತಂದರು, ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ದರ್ಶನಕ್ಕಿಡುತ್ತಾರೆ ಅಂದೆ. "ಹಾಂ, ಗದ್ದುಗಿ. ನಮ್ಮ ನಾಗಲಿಂಗಜ್ಜಂದ ಇದ್ದಂಗ" ಅಂದು ಚಪ್ಪಲಿ ಬಿಟ್ಟು ಕೈಮುಗಿದ. ಅವನಿಗೆ ಗೋವಾದಲ್ಲಿ ತುಂಬ ಹಿಡಿಸಿದ್ದು ಸರಕಾರಿ ಬಸ್ಸು. ಅದರ ಮೇಲೆ 'ಕದಂಬ' ಅಂತ ಬರೆದಿದೆಯಲ್ಲ! ಬನವಾಸಿಯವರ ಹೆಸರು ಇವರ ಬಸ್ಸಿನ ಮೇಲಿದೆ, ಇನ್ನು ನೀರಿಗೇನು ಜಗಳ ಅನ್ನೋದು ಅವನ ತರ್ಕ. ಒಂದೊಂದು ಬಸ್ಸು ಹೋದಾಗಲೂ ನನ್ನ ತೋಳು ತಿವಿಯುತ್ತಿದ್ದ.

ಮಹಾದಾಯಿಗೆ ಇಲ್ಲಿ ಮಾಂಡವಿ ಅಂತಾರೆ. ರಾತ್ರಿ ಅದರ ದಂಡೆಯಲ್ಲಿ ದೀಪ ಹಾಕಿಕೊಂಡು ನಿಂತ ಕ್ಯಾಸಿನೊ ಹಡಗುಗಳನ್ನು ನೋಡಿ, "ಒಳಗ ಏನ್ ಮಾಡ್ತಾರವಾ?" ಅಂದ. ಇಸ್ಪೀಟು ಅಂದೆ. "ನಮ್ಮೂರಾಗ ಗಿಡದ ಬುಡಕ ಕುಂತು ಆಡಿದ್ರ ಪೊಲೀಸ್ರು ಎಳಕೊಂಡ್ ಹೋಗ್ತಾರ. ಮಹಾದಾಯಿ ಮ್ಯಾಲ ಕುಂತು ಆಡಿದ್ರ ನಡೀತೈತಿ!" ಇದಕ್ಕೆ ನಾನೇನು ಹೇಳಲಿ.

ಆ ಸಂಗತಿ ನಡೆದದ್ದು ಭಾನುವಾರ. ಬೇತಿಗೆ ಹೋಗುವ ಫೆರಿಯಲ್ಲಿ ಕೂರಿಸಿದರೆ ನದಿ ಹತ್ತಿರದಿಂದ ನೋಡಿದಂತಾಗುತ್ತದೆ, ನಡೆದು ಹೋಗುವವರಿಗೆ ದುಡ್ಡೂ ಇಲ್ಲ ಅಂತ ಜೆಟ್ಟಿಗೆ ಕರೆದುಕೊಂಡು ಹೋದೆ. ಫೆರಿ ಇನ್ನೂ ಆ ದಂಡೆಯಲ್ಲಿತ್ತು. ಮಾಮಾ ಮೆಟ್ಟಿಲಿಳಿದು, ಬೊಗಸೆಯಲ್ಲಿ ನೀರು ತುಂಬಿ ಹಣೆಗೆ ಹಚ್ಚಿಕೊಂಡು ಬಾಯಿಗೆ ತಂದ. ಪಕ್ಕದಲ್ಲಿ ಚೀಲದಲ್ಲಿ ಬಂಗಡೆ ಹಿಡಿದು ನಿಂತಿದ್ದ ಮುದುಕರೊಬ್ಬರು, "ಖಾರೆಂ ಉದಕ್! ಖಾರೆಂ!" ಅಂತ ಕೂಗಿದರು. "ನೀರೇನ್ ಖಾರ ಇರ್ತೈತೇನವಾ?" ಅನ್ನುತ್ತಲೇ ಮಾಮಾ ಬಾಯಿಗೆ ಹಾಕಿಕೊಂಡ. ಉಗುಳಿದ. "ಥೂ! ನಮ್ಮ ಬಾಂವಿ ನೀರಿನಕಿಂತ ಸವಳೈತಲ್ಲ ಇದು!"

ಖಾರ ಅಂದ್ರ ಇವರಲ್ಲಿ ಉಪ್ಪು ಮಾಮಾ ಅಂತ ಹೇಳಿದೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ನೀರನ್ನೇ ನೋಡುತ್ತಿದ್ದ.

ಫೆರಿಯಲ್ಲಿ ಮುದುಕರು ನಮ್ಮ ಪಕ್ಕದಲ್ಲೇ ನಿಂತರು. "ಖಂಯ್ಚೆ ತುಮಿ?" ಎಲ್ಲಿಯವರು ಅಂತ. "ಬೆಂಗಳೂರು" ಅಂದೆ. ಇದು ನನ್ನ ಹಳೇ ಚಾಳಿ. ಹುಬ್ಬಳ್ಳಿ ಕಡೆ ಅಂದರೆ ಇಲ್ಲಿ ಕೆಲವರ ಬಾಯಲ್ಲಿ 'ಘಾಂಟಿ', ಅಂದರೆ ಘಟ್ಟದ ಮೇಲಿನವರು, ಅನ್ನೋ ಹೀಯಾಳಿಕೆಯ ಮಾತು ಬಂದುಹೋಗುತ್ತದೆ, ನವಲಗುಂದ ಅಂದರೆ ನದಿಯ ಮಾತು ಬರುತ್ತದೆ. ಬೆಂಗಳೂರಿಗೆ ಎರಡೂ ಅಂಟುವುದಿಲ್ಲ. ಮಾಮಾಗೆ ಅದೊಂದು ಪದ ತಿಳಿಯಿತು. "ನೀ ಯಾವಾಗ ಬೆಂಗಳೂರಾಕಿ ಆದಿ?" ಅಂದ. ನಾನು ಉತ್ತರ ಕೊಡೋದರೊಳಗೆ ನದಿ ಕಡೆ ಕೈಮಾಡಿ, ಧರಣಿಯ ದನಿಯಲ್ಲೇ, "ಇದ ಹೌದಲ್ಲ ನಮ್ಮ ಮಹಾದಾಯಿ?" ಅಂದ.

ಮುದುಕರ ಕಿವಿ ನೆಟ್ಟಗಾಯಿತು. "ಮ್ಹಾದಯ್?" ಅಂದರು. ಆಮೇಲೆ ಸಿಟ್ಟಿಲ್ಲದೆ, ಗೊತ್ತಿಲ್ಲದ ಮಕ್ಕಳಿಗೆ ಹೇಳುವ ಹಾಗೆ ಅಂದರು: "ಮ್ಹಾದಯ್ ಆಮ್ಚಿ ಆವಯ್."

ನಾನು ಅನುವಾದಿಸುವ ಮೊದಲೇ ಮಾಮಾ ನನ್ನ ಕೈ ಹಿಡಿದ. "ಅವ್ವ ಅಂದ್ರಲ್ಲ? ಅವ್ವ ಅಂದ್ರು ಹೌದಲ್ಲ?" ಅವನ ಮುಖ ಅರಳಿಹೋಗಿತ್ತು. "ಹಂಗಾದ್ರ ಕೇಳವಾ ಅವರ್ನ. ಅವ್ವ ಅಂದಮ್ಯಾಲ ಒಂದ ಮಗಂಗ ಅಷ್ಟ ಹಾಲ ಕುಡಿಸ್ತಾಳೇನು? ಕೇಳು."

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನಾನು ಕೊಂಕಣಿಯಲ್ಲಿ ಹೇಳಿದ್ದು: "ನಿಮ್ಮ ನದಿ ಭಾರಿ ಅಗಲ ಇದೆ, ಚೆಂದ ಇದೆ ಅಂತಿದಾರೆ."

"ವ್ಹಯ್, ವ್ಹಯ್!" ಮುದುಕರು ನಕ್ಕು, ಹೌದು ಹೌದು ಅಂತ ತಲೆಯಾಡಿಸಿದರು. ಎರಡು ಸಲ.

ಅಷ್ಟೇ. ಊರ ಕಟ್ಟೆಯ ಮೇಲೆ ಈಗ ಓಡಾಡುತ್ತಿರುವುದು ಈ ತಲೆಯಾಡಿಸಿದ್ದೇ.

ಬುಧವಾರದಿಂದ ಅದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಜಗಳ ಬೇಡ ಅಂತ ಹಾಗೆ ಮಾಡಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಅಲ್ಲಿ ಜಗಳ ಎಲ್ಲಿತ್ತು? ಒಬ್ಬರು ಅವ್ವ ಅಂದಿದ್ದರು, ಇನ್ನೊಬ್ಬರು ಅವ್ವನ ಬಗ್ಗೆ ಒಂದು ಪ್ರಶ್ನೆ ಕೇಳಿದ್ದರು. ಮುದುಕರು ಅದಕ್ಕೆ ಏನು ಹೇಳುತ್ತಿದ್ದರೋ. ಬಹುಶಃ ಉಪ್ಪಿನ ಮಾತೇ ಆಡುತ್ತಿದ್ದರು. ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಕಡಲಿನ ಉಬ್ಬರ ಇನ್ನೂ ಒಳಗೆ ನುಗ್ಗುತ್ತದೆ, ದಂಡೆ ಕಟ್ಟಿ ಉಳಿಸಿಕೊಂಡ ಖಾಜನ್ ಗದ್ದೆಗೆ ಉಪ್ಪೇರುತ್ತದೆ ಅನ್ನೋದು ಇಲ್ಲಿಯವರ ದೊಡ್ಡ ಭಯ. ನನ್ನ ಪಕ್ಕದ ಮನೆಯಾಕೆಯ ತವರು ನದಿ ನಡುವಿನ ದಿವಾಡಿ ದ್ವೀಪ. ಬೇಸಿಗೆ ಬಂದರೆ ಅವಳು ಇದನ್ನು ಹೇಳದ ದಿನವಿಲ್ಲ. ನವಲಗುಂದದ ಕಡೆ ಬಾವಿ ತೋಡಿದರೆ ಬರೋದೇ ಸವಳು. ನಾನು ಚಿಕ್ಕವಳಿದ್ದಾಗ ರಜೆಗೆ ಹೋದರೆ ಅತ್ತಿ ಬೆಳಗ್ಗೆ ಏಳೋದರೊಳಗೆ ಕೆರೆಯಿಂದ ಎರಡು ಕೊಡ ಹೊತ್ತು ತಂದಿರುತ್ತಿದ್ದಳು. ಬಾವಿ ನೀರು ಬಳಸಲಿಕ್ಕೆ, ಕೆರೆ ನೀರು ಕುಡಿಯಲಿಕ್ಕೆ. ತಪ್ಪಿ ಬಾವಿದು ಕುಡಿದರೆ ಬೈಗುಳ. ಬೆಟ್ಟದ ಆ ಕಡೆಯವರಿಗೂ ಈ ಕಡೆಯವರಿಗೂ ಹೆದರಿಕೆ ಒಂದೇ, ಹೆಸರು ಮಾತ್ರ ಬೇರೆ. ಜೆಟ್ಟಿಯ ಮೆಟ್ಟಿಲ ಮೇಲೆ ನನ್ನ ಸಹಾಯವಿಲ್ಲದೆ ಇಬ್ಬರೂ ಅದನ್ನು ಆಡಿ ಮುಗಿಸಿದ್ದರು: ಒಬ್ಬರು ಖಾರೆಂ ಅಂದರು, ಒಬ್ಬ ಸವಳು ಅಂದ.

ಇನ್ನು ನಾನೋ. ನಮ್ಮ ನಲ್ಲಿಗೆ ಬರೋದು ಓಪಾದಿಂದ. ಓಪಾದಲ್ಲಿ ನೀರೆತ್ತುವುದು ಖಾಂಡೇಪಾರ ನದಿಯಿಂದ, ಅದು ಮಾಂಡವಿಯ ಉಪನದಿ, ಅದಕ್ಕೆ ಹರಿದುಬರುವುದು ದೂಧಸಾಗರದ ನೀರು. ಶುಕ್ರವಾರ ರೈಲು ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವಾಗ ಮಾಮಾ ಕಿಟಕಿಯಿಂದ ಆ ಜಲಪಾತವನ್ನು ಕಂಡು ಕೈಮುಗಿದನಂತೆ, ಅತ್ತಿ ಹೇಳಿದಳು. ಮನೆಗೆ ಬಂದವನಿಗೆ ನಾನು ಮೊದಲು ಕೊಟ್ಟದ್ದೇ ಆ ನಲ್ಲಿಯ ನೀರು. "ಸಿಹಿ ಅದಾವ ನೋಡು" ಅಂತ ಇನ್ನೊಂದು ಲೋಟ ಕೇಳಿ ಕುಡಿದ. ಅದು ಎಲ್ಲಿಯದು ಅಂತ ಆಗ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಟಿಎಂಸಿ ಲೆಕ್ಕ ಶುರುವಾಗುತ್ತಿತ್ತು, ನನಗೆ ಅಡುಗೆ ಕೆಲಸವಿತ್ತು.

ಇಲ್ಲಿ ನೆಲೆಸಿದ ನಮ್ಮ ಕಡೆಯವರು ಸುಮಾರು ಜನ ಹೀಗೇ ಬದುಕುತ್ತೇವೆ ಅನಿಸುತ್ತದೆ. ಊರಿನವರ ಮುಂದೆ ಊರಿನ ಮಾತು, ಇಲ್ಲಿಯವರ ಮುಂದೆ ಇಲ್ಲಿಯ ಮಾತು. ಇಬ್ಬರೂ ಒಟ್ಟಿಗೆ ಸಿಕ್ಕರೆ ನದಿಯ ಅಗಲ.

ಬೇತಿಯಲ್ಲಿ ಇಳಿದಾಗ ಮುದುಕರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, ಮಾಮಾನನ್ನೇ ನೋಡಿ ಕೇಳಿದರು: "ತುಮ್ಚೆಗೆರ್ ಪಾವ್ಸ್ ಬರೊ ಪಡ್ಲೊ?" ನಿಮ್ಮಲ್ಲಿ ಮಳೆ ಚೆನ್ನಾಗಿ ಆಯಿತಾ ಅಂತ. ಅವನ ಕೈ ಕಂಡೇ ಒಕ್ಕಲಿಗ ಅಂತ ಗೊತ್ತಾಗಿರಬೇಕು. ವಾಪಸು ಹೊರಡುವ ಫೆರಿಗೆ ಜನ ಆಗಲೇ ಹತ್ತುತ್ತಿದ್ದರು. ಮಳೆಯ ಮಾತು ತೆಗೆದರೆ ಮಾಮಾ ಒಂದು ತಾಸಿಗೆ ಕಡಿಮೆ ಮುಗಿಸೋನಲ್ಲ. "ವ್ಹಯ್, ವ್ಹಯ್" ಅಂತ ನಾನೇ ಅಂದುಬಿಟ್ಟೆ. ಅವರು ಹೊರಟರು.

"ಏನ್ ಕೇಳಿದ್ರವಾ?"

"ಟೈಮ್ ಎಷ್ಟಾತು ಅಂದ್ರು."

ಮಾಮಾ ಅಂಗಿಯ ತೋಳು ಸರಿಸಿ ಗಡಿಯಾರ ನೋಡಿದ. ಆಗಲೇ ಹತ್ತು ಹೆಜ್ಜೆ ದೂರ ಹೋಗಿದ್ದ ಮುದುಕರ ಬೆನ್ನಿಗೆ ಕೇಳುವ ಹಾಗೆ ಜೋರಾಗಿ ಕೂಗಿದ: "ನಾಕೂ ಇಪ್ಪತ್ತು ಆತ್ರೀ!"